ಅನುವಾದವೆಂಬ ವ್ಯಾಖ್ಯಾನ: ಕನ್ನಡ ಬೈಬಲ್ಲಿನ ಮೂರು ನಿದರ್ಶನಗಳು

ಮಿಷನರಿಗಳ ಕನ್ನಡ ಸೇವೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಪತ್ರಿಕೋದ್ಯಮಗಳ ಸುತ್ತ ನಡೆದಿದೆ. ಮೋಗ್ಲಿಂಗರ 'ಮಂಗಳೂರ ಸಮಾಚಾರ' (1843), ಕಿಟೆಲ್ ನಿಘಂಟು (1894) ಇವುಗಳಿಗೆ ಸಂದ ಗಮನ ಬೈಬಲ್ ಅನುವಾದಗಳಿಗೆ ಸಂದಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ ಮುಂದೆ ಪರಿಷ್ಕಾರಗಳನ್ನೂ ಹೊಸ ಅನುವಾದಗಳನ್ನೂ ಕಂಡಿತು. ಪ್ರಾಟೆಸ್ಟೆಂಟರಲ್ಲಿ ರೂಢಿಯಲ್ಲಿರುವ ಹಳೆಯ ಪಾಠವನ್ನೂ ಬೈಬಲ್ ಸೊಸೈಟಿಯ ಈಚಿನ ಸರಳಗನ್ನಡ ಪಾಠವನ್ನೂ ಹೋಲಿಸಿದರೆ, ಅವುಗಳ ಭೇದ ಶೈಲಿಗೆ ಸೀಮಿತವಲ್ಲ, ಅರ್ಥಕ್ಕೂ ಸಂಬಂಧಿಸಿದ್ದೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ದೇವರ ಹೆಸರು. ಹಳೆಯ ಪಾಠದ 'ಯೆಹೋವ' ಇಸ್ರಾಯೇಲರ ದೇವರ ಅಂಕಿತನಾಮವನ್ನು ಉಳಿಸಿಕೊಳ್ಳುತ್ತದೆ. ಸರಳ ಪಾಠದ 'ಸರ್ವೇಶ್ವರ' ಅದನ್ನು ವಿಶ್ವವ್ಯಾಪಿಯಾದ ಬಿರುದನ್ನಾಗಿಸುತ್ತದೆ. ಆ ನಾಮವನ್ನು ಉಚ್ಚರಿಸದೆ 'ಒಡೆಯ' ಎಂಬರ್ಥದ ಪದವನ್ನು ಓದುವ ಯೆಹೂದ್ಯ ಸಂಪ್ರದಾಯ ಎರಡನೆಯ ಆಯ್ಕೆಗೆ ಪೂರಕವಾಗಿದೆ. ಆದರೆ ಕನ್ನಡ ಓದುಗನ ಕಿವಿಯಲ್ಲಿ 'ಸರ್ವೇಶ್ವರ' ಶೈವ ಪರಂಪರೆಯ ಅನುರಣನವನ್ನೂ ಹೊತ್ತು ಬರುತ್ತದೆ.

ಎರಡನೆಯದು ಯೋಹಾನನ ಸುವಾರ್ತೆಯ ಆರಂಭ. ಗ್ರೀಕಿನ 'ಲೋಗೋಸ್' ವ್ಯಾಕರಣದಲ್ಲಿ ಪುಲ್ಲಿಂಗ. ಹಳೆಯ ಪಾಠದ 'ವಾಕ್ಯ' ನಪುಂಸಕಲಿಂಗವಾದ್ದರಿಂದ ಅದೊಂದು ತತ್ತ್ವವೆಂಬ ಭಾವನೆ ಮೂಡುತ್ತದೆ. ಸರಳ ಪಾಠದಲ್ಲಿ 'ದಿವ್ಯವಾಣಿ'ಗೆ ಗೌರವಾರ್ಥಕ ಬಹುವಚನದ ಕ್ರಿಯಾಪದ ಸೇರಿ, ಮೊದಲ ವಾಕ್ಯದಲ್ಲಿಯೇ ಅದು ವ್ಯಕ್ತಿಯಾಗಿಬಿಡುತ್ತದೆ. ಮೂಲದಲ್ಲಿ ಕ್ರಮೇಣ ಬಿಚ್ಚಿಕೊಳ್ಳುವ ಅರ್ಥ ಇಲ್ಲಿ ಮೊದಲೇ ನಿರ್ಣಯವಾಗಿದೆ.

ಮೂರನೆಯದು ವಚನ. ಹೀಬ್ರೂ, ಗ್ರೀಕ್ ಮೂಲಗಳಲ್ಲಿ ಕನ್ನಡದಂಥ ಗೌರವಸೂಚಕ ಸರ್ವನಾಮವಿಲ್ಲ. ಕನ್ನಡದಲ್ಲಾದರೋ ಆಯ್ಕೆ ಅನಿವಾರ್ಯ. ಹಳೆಯ ಪಾಠದ ಯೇಸು 'ಹೇಳಿದನು'. ಸರಳ ಪಾಠದ ಯೇಸು 'ಹೇಳಿದರು'. ಏಕವಚನವನ್ನು ಅಗೌರವವೆಂದು ಭಾವಿಸಬೇಕಿಲ್ಲ. ದೈವವನ್ನು 'ನೀನು' ಎಂದು ಕರೆದ ವಚನಕಾರರ, ದಾಸರ ಸಲುಗೆ ನಮಗೆ ಪರಿಚಿತವೇ ಆಗಿದೆ. ಒಂದು ಪಾಠ ಆಪ್ತತೆಯನ್ನೂ ಇನ್ನೊಂದು ಪೂಜ್ಯತೆಯನ್ನೂ ಮುಂದುಮಾಡುತ್ತದೆ.

ಈ ಭೇದಗಳಲ್ಲಿ ಯಾವುದು ಸರಿ ಎಂಬ ತೀರ್ಪು ಸಾಹಿತ್ಯಾಧ್ಯಯನದ ಹೊಣೆಯಲ್ಲ. ಆದರೆ ಒಂದೇ ಪಾಠವನ್ನು ಓದಿದವನು ಕನ್ನಡ ವ್ಯಾಕರಣದ ನಿರ್ಣಯವನ್ನೇ ಗ್ರಂಥದ ನಿರ್ಣಯವೆಂದು ನಂಬುವ ಅಪಾಯವಿದೆ. ಗದುಗಿನ ಭಾರತದ ಪಾಠಾಂತರಗಳಿಗೆ ನಾವು ತೋರುವ ಎಚ್ಚರವನ್ನು ಕನ್ನಡ ಬೈಬಲ್ಲಿನ ಪಾಠಗಳಿಗೂ ತೋರಬೇಕಾಗಿದೆ. ಆಗ ಈ ಅನುವಾದಗಳು ಕೇವಲ ಮತಪ್ರಚಾರದ ದಾಖಲೆಗಳಾಗಿ ಉಳಿಯದೆ, ಕನ್ನಡದ ವ್ಯಾಖ್ಯಾನ ಪರಂಪರೆಯ ಭಾಗವಾಗಿ ಕಾಣಿಸತೊಡಗುತ್ತವೆ.