ಫೈಲಿನ ಹೆಸರೂ ಫೈಲೂ ಒಂದೇ ಅಲ್ಲ

ಗಣಕಯಂತ್ರದ ವಿಚಾರವನ್ನು ವಿಜ್ಞಾನ ವಿಭಾಗದವರಿಗೆ ಒಪ್ಪಿಸಿ ಕಲಾ ವಿಭಾಗದ ನಾವು ದೂರ ನಿಲ್ಲುವ ಕಾಲ ಹೋಯಿತು. ನಮ್ಮ ಪ್ರಬಂಧ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಇಂದು ಅದರ ಹೊಟ್ಟೆಯಲ್ಲಿವೆ. ಅರ್ಜಿಯ ಕೊನೆಯ ದಿನ ಬಂದಾಗ “ಫೈಲು ಕಳೆಯಿತು” ಎಂಬ ಗೋಳು ಕೇಳಿಬರುತ್ತದೆ. ನಿಜವಾಗಿ ಕಳೆದದ್ದು ಫೈಲೋ, ಅದರ ವಿಳಾಸವೋ? ಇದನ್ನು ತಿಳಿಯಬೇಕಾದರೆ ಆಪರೇಟಿಂಗ್ ಸಿಸ್ಟಮ್ ಎಂಬ ಯಂತ್ರದ ಮೇಲ್ವಿಚಾರಕನು ಫೈಲುಗಳನ್ನು ಹೇಗೆ ಇಡುತ್ತಾನೆಂಬುದನ್ನು ನೋಡಬೇಕು.

ವಿಳಾಸದ ಕ್ರಮ

ನಮ್ಮ ಕಡೆಯ ಹಿರಿಯರು ಪತ್ರದ ಮೇಲೆ “ಮು. ಪೋ. ಆಲಮೇಲ, ತಾ. ಸಿಂದಗಿ, ಜಿ. ಬಿಜಾಪುರ” ಎಂದು ಬರೆಯುತ್ತಿದ್ದರು. ಇದನ್ನೇ ಕೊನೆಯಿಂದ ಮೊದಲಿಗೆ ಓದಿದರೆ ಗಣಕಯಂತ್ರದ ‘ಪಾಥ್’, ಎಂದರೆ ದಾರಿ, ಆಗುತ್ತದೆ: ಬಿಜಾಪುರ/ಸಿಂದಗಿ/ಆಲಮೇಲ. ಜಿಲ್ಲೆ, ತಾಲೂಕುಗಳ ಸ್ಥಾನದಲ್ಲಿ ಅಲ್ಲಿ ಫೋಲ್ಡರುಗಳಿರುತ್ತವೆ. ಊರಿನ ಸ್ಥಾನದಲ್ಲಿ ಫೈಲು. ಒಂದು ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲುಗಳು ಇರಲಾರವು. ಬೇರೆ ಬೇರೆ ಫೋಲ್ಡರುಗಳಲ್ಲಿ ಇರಬಹುದು.

ಫೋಲ್ಡರಿನೊಳಗೆ ಫೋಲ್ಡರನ್ನಿಡುವ ಈ ಕ್ರಮವನ್ನು ಮಲ್ಟಿಕ್ಸ್ ಎಂಬ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ ಎಂಬವರು 1965ರಲ್ಲಿ ವಿವರಿಸಿದರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿದ ಯೂನಿಕ್ಸ್ ಅದನ್ನು ಸರಳಗೊಳಿಸಿತು. ಇಂದಿನ ಲಿನಕ್ಸ್ ಮತ್ತು ಆಂಡ್ರಾಯ್ಡ್ ಫೋನುಗಳು ಆ ಪರಂಪರೆಯವೇ.

ಫೋಲ್ಡರು ಪೆಟ್ಟಿಗೆಯಲ್ಲ, ಪಟ್ಟಿ

ಯೂನಿಕ್ಸಿನ ಪರಂಪರೆಯಲ್ಲಿ ಫೋಲ್ಡರೆಂದರೆ ಒಂದು ಪಟ್ಟಿ: ಒಂದು ಕಡೆ ಹೆಸರು, ಅದರೆದುರು ಒಂದು ಸಂಖ್ಯೆ. ಇದಕ್ಕೆ ಐನೋಡ್ ಸಂಖ್ಯೆ ಎನ್ನುವರು. ಆ ಸಂಖ್ಯೆಯ ದಾಖಲೆಯಲ್ಲಿ ಫೈಲಿನ ಗಾತ್ರ, ಒಡೆಯ, ಓದಲು ಬರೆಯಲು ಯಾರಿಗೆ ಅಧಿಕಾರ, ಕೊನೆಗೆ ತಿದ್ದಿದ ವೇಳೆ, ಬರಹವು ಡಿಸ್ಕಿನ ಯಾವ ಯಾವ ತುಂಡುಗಳಲ್ಲಿದೆ ಎಂಬುದೆಲ್ಲ ಉಂಟು. ಇಂಥ ಒಂದು ತುಂಡು ಸಾಮಾನ್ಯವಾಗಿ 4096 ಬೈಟುಗಳದು. ಆಶ್ಚರ್ಯವೆಂದರೆ ಹೆಸರು ಮಾತ್ರ ಆ ದಾಖಲೆಯಲ್ಲಿಲ್ಲ!

ಆಲಮೇಲವನ್ನೇ ನೋಡಿರಿ. ಮುಂಬಯಿ ರಾಜ್ಯದಲ್ಲಿದ್ದ ಈ ಭಾಗ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯವು ಕರ್ನಾಟಕವಾಯಿತು. 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. 2011ರ ಜನಗಣತಿಯಲ್ಲಿ ಸಿಂದಗಿ ತಾಲೂಕಿಗೆ ಸೇರಿದ್ದ ಊರು ಈಗ ತಾನೇ ಒಂದು ತಾಲೂಕು. ದಾರಿ ನಾಲ್ಕು ಸಲ ಬದಲಾಯಿತು. ಆದರೆ ಅದರಿಂದ ಒಂದು ಮನೆಯೂ ಅಲುಗಲಿಲ್ಲ. ಹಾಗೆಯೇ ಒಂದೇ ಡಿಸ್ಕಿನೊಳಗೆ ಫೈಲಿನ ಹೆಸರನ್ನಾಗಲಿ ಫೋಲ್ಡರನ್ನಾಗಲಿ ಬದಲಿಸಿದರೆ ಪಟ್ಟಿಯ ಸಾಲು ತಿದ್ದಲ್ಪಡುತ್ತದೆಯೇ ಹೊರತು ಬರಹ ಕದಲುವುದಿಲ್ಲ. ಆದ್ದರಿಂದಲೇ ದೊಡ್ಡ ಚಲನಚಿತ್ರವೂ ಕ್ಷಣದಲ್ಲಿ ಸ್ಥಳ ಬದಲಿಸುತ್ತದೆ. ಪೆನ್‌ಡ್ರೈವಿಗೆ ಒಯ್ಯುವಾಗ ಮಾತ್ರ ಬರಹವನ್ನೆಲ್ಲ ನಕಲು ಮಾಡಬೇಕಾಗುವುದರಿಂದ ಹೊತ್ತು ಹಿಡಿಯುತ್ತದೆ.

ನಮಗೇನು ಪ್ರಯೋಜನ?

ಮೊದಲನೆಯದು: ವಿಂಡೋಸ್ ಯಂತ್ರದ ಪರದೆಯ ಮೇಲೆ ಕಾಣುವ ‘ಶಾರ್ಟ್‌ಕಟ್’ ಎಂಬುದು ಫೈಲಲ್ಲ, ಫೈಲಿನ ವಿಳಾಸ ಬರೆದ ಚೀಟಿ. ನನ್ನ ಗೆಳೆಯನೊಬ್ಬ ಆ ಚೀಟಿಯನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಪ್ರಬಂಧ ಮುದ್ರಿಸಲು ಹೋಗಿ ಬರಿಗೈಯಲ್ಲಿ ಮರಳಿದ. ಪ್ರಬಂಧ ಮನೆಯ ಯಂತ್ರದಲ್ಲಿಯೇ ಸುರಕ್ಷಿತವಾಗಿತ್ತು!

ಎರಡನೆಯದು: ಅಳಿಸುವುದೆಂದರೆ ಪಟ್ಟಿಯಿಂದ ಹೆಸರನ್ನು ತೆಗೆಯುವುದು. ಬೇರೆ ಹೆಸರು ಯಾವುದೂ ಉಳಿಯದಿದ್ದರೆ ಆ ತುಂಡುಗಳು ‘ಖಾಲಿ’ ಎಂದು ಗುರುತಾಗುತ್ತವೆ. ಹಳೆಯ ಮಾದರಿಯ ಹಾರ್ಡ್‌ಡಿಸ್ಕಿನಲ್ಲಿ ಹೊಸ ಬರಹ ಬಂದು ಕೂರುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಆದಕಾರಣ ಬೇಕಾದ ಫೈಲನ್ನು ಅಳಿಸಿದವರು ಆ ಡಿಸ್ಕಿನ ಮೇಲೆ ಮತ್ತೇನನ್ನೂ ಬರೆಯದೆ ತಿಳಿದವರ ನೆರವು ಪಡೆಯುವುದು ಲೇಸು. ಈಚಿನ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಕಡಿಮೆ. ಖಾಲಿಯಾದ ಜಾಗವನ್ನು ಅವು ತಾವೇ ಬೇಗ ಅಳಿಸಿಬಿಡುತ್ತವೆ. ಇದರ ಮತ್ತೊಂದು ಮುಖವನ್ನೂ ಮರೆಯಬಾರದು. ಹಂಚಿಕೊಂಡು ಬಳಸುವ ಯಂತ್ರದಲ್ಲಿ ನಾವು ಅಳಿಸಿದೆವೆಂದುಕೊಂಡ ಬ್ಯಾಂಕ್ ಪುಸ್ತಕದ ಪ್ರತಿ ಇನ್ನೊಬ್ಬರ ಕೈಗೆ ಸಿಕ್ಕೀತು.

ಮೂರನೆಯದು: ಫೈಲಿಗೆ ಕನ್ನಡದಲ್ಲಿ ಹೆಸರಿಡಲು ಅಳುಕಬೇಕಾಗಿಲ್ಲ. ಲಿನಕ್ಸಿನಲ್ಲಿ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಅವಕಾಶವಿದೆ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ, ಕಾಗುಣಿತದ ಚಿಹ್ನೆಗೂ 3 ಬೈಟು ಬೇಕು. ‘ಆಲಮೇಲ’ ಎಂಬುದಕ್ಕೆ 15 ಬೈಟು ಸಾಕು.

ಹೆಸರು ಅಳಿದರೂ ಬರಹ ಉಳಿದೀತು. ಡಿಸ್ಕೇ ಕೆಟ್ಟರೆ ಎರಡೂ ಹೋದಾವು. ಆದುದರಿಂದ ವಾಚಕಮಿತ್ರರು ಫೈಲನ್ನು ಉಳಿಸುವಾಗ ಅದರ ದಾರಿಯನ್ನು ಗಮನಿಸಲಿ. ಮುಖ್ಯವಾದುದರ ಒಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡಲಿ. ಇಷ್ಟು ಮಾಡಿದರೆ ವರ್ಷದ ದುಡಿಮೆ ಒಂದು ಗಳಿಗೆಯಲ್ಲಿ ಹಾಳಾಗದು.