ಜಿಂಕೆ ಮರಳಿದ ಬೆಟ್ಟ

ಬೇಟೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅರಸರ ಮೃಗಯಾವಿನೋದ. ಇಲ್ಲವೇ ಇರುಳಿನಲ್ಲಿ ಹೊಂಚುವ ಕಳ್ಳಬೇಟೆಗಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿರುವ ನಮಗೆ, ಸರ್ಕಾರವೇ ಪರವಾನಗಿ ಕೊಟ್ಟು ಜನಸಾಮಾನ್ಯರನ್ನು ಬೇಟೆಗೂ ಗಾಳ ಹಾಕುವುದಕ್ಕೂ ಕಾಡಿನೊಳಗೆ ಬಿಡುತ್ತದೆಂದರೆ ವಿಚಿತ್ರವೆನಿಸೀತು. ಅಮೆರಿಕದ ಜಾರ್ಜಿಯಾ ರಾಜ್ಯದ ಉತ್ತರದಲ್ಲಿ, ಅಪಲಾಚಿಯನ್ ಪರ್ವತಶ್ರೇಣಿಯ ದಕ್ಷಿಣದ ಅಂಚಿನಲ್ಲಿ, ಅಂಥದೊಂದು ತಾಣವಿದೆ. ಅದುವೇ ಬ್ಲೂ ರಿಡ್ಜ್ ವನ್ಯಜೀವಿ ನಿರ್ವಹಣಾ ಪ್ರದೇಶ. ನೆಲ ಕೇಂದ್ರ ಸರ್ಕಾರದ ಅರಣ್ಯದ್ದು; ಬೇಟೆಯ ಮೇಲ್ವಿಚಾರಣೆ ರಾಜ್ಯದ್ದು.

ಆ ಬೆಟ್ಟಗಳು ಒಂದು ಕಾಲಕ್ಕೆ ಬರಿದಾಗಿದ್ದವು. ಮರದ ವ್ಯಾಪಾರಿಗಳು ಕಾಡನ್ನು ಕಡಿದರು; ಲಂಗುಲಗಾಮಿಲ್ಲದ ಬೇಟೆ ಮೃಗಗಳನ್ನು ಅಳಿಸಿತು. ಆ ಸೀಮೆಯಲ್ಲಿ ಉಳಿದಿದ್ದ ಕೊನೆಯ ಜಿಂಕೆಗಳಲ್ಲೊಂದನ್ನು 1895ರಲ್ಲಿ ಹೊಡೆದವನು ಆರ್ಥರ್ ವುಡಿಯ ತಂದೆಯೆಂದು ಅಲ್ಲಿನವರು ಹೇಳುವುದುಂಟು. ವುಡಿ ಆಗ ಇನ್ನೂ ಹುಡುಗ. ಮುಂದೆ ಆತನು ಅದೇ ಬೆಟ್ಟಗಳಿಗೆ ಅರಣ್ಯ ರೇಂಜರನಾದನು. 1927ರಲ್ಲಿ ಸ್ವಂತ ಹಣ ತೆತ್ತು ಜಿಂಕೆಮರಿಗಳನ್ನು ಕೊಂಡು ತಂದು, ಸಾಕಿ, ಕಾಡಿಗೆ ಬಿಟ್ಟನು. ತೊರೆಗಳಿಗೆ ಟ್ರೌಟ್ ಮೀನಿನ ಮರಿಗಳನ್ನು ತರಿಸಿ ಬಿಡಿಸಿದನು. ಬೇಟೆ ನಿಂತಿತು, ಹಿಂಡು ಬೆಳೆಯಿತು.

1941ರಲ್ಲಿ ಆ ಕಾಡು ಮತ್ತೆ ಬೇಟೆಗೆ ತೆರೆಯಿತು. ಸಾಕಿ ಬಿಟ್ಟ ಜಿಂಕೆಗಳ ಸಂತತಿ ಬಂದೂಕಿಗೆ ಗುರಿಯಾಯಿತು. ಇದೆಂಥ ಪ್ರೀತಿ ಎಂದು ಕೇಳಬಹುದು. ಆದರೆ ತೋಳವೂ ಪ್ಯೂಮಾ ಎಂಬ ದೊಡ್ಡ ಬೆಕ್ಕೂ ಅಳಿದುಹೋದ ಕಾಡಿನಲ್ಲಿ ಜಿಂಕೆಗಳು ಮಿತಿಮೀರಿದರೆ ಎಳೆಯ ಸಸಿಗಳನ್ನೆಲ್ಲ ಮೇಯ್ದುಬಿಡುತ್ತವೆ, ಕಾಡೇ ಮುಪ್ಪಾಗುತ್ತದೆ. ಆದುದರಿಂದ ಬೇಟೆಗೆ ಋತುವುಂಟು, ಸಂಖ್ಯೆಯ ಮಿತಿಯುಂಟು. ಹಣದ ಮಾತೂ ಉಂಟು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆಯ ಕೋವಿ, ತೋಟಾಗಳ ಮೇಲಿನ ತೆರಿಗೆ (ಈಗ ನೂರಕ್ಕೆ 11ರಷ್ಟು) ವನ್ಯಜೀವಿಗಳ ಪಾಲನೆಗೆ ಸಲ್ಲುತ್ತದೆ. 1950ರ ಇನ್ನೊಂದು ಕಾಯ್ದೆ ಗಾಳದ ಸಲಕರಣೆಗಳಿಗೂ ಇದೇ ಕ್ರಮವನ್ನು ತಂದಿತು. ಕೊಲ್ಲುವವನೇ ಕಾಯುವುದಕ್ಕೂ ತೆರುತ್ತಾನೆ! ಈ ತರ್ಕವನ್ನು ನನ್ನ ಬುದ್ಧಿ ಒಪ್ಪುತ್ತದೆ. ಮನಸ್ಸು ಮಾತ್ರ ತುಸು ಹಿಂಜರಿಯುತ್ತದೆ.

ಮೀನಿನ ಕಥೆ ಇಷ್ಟು ಸರಳವಲ್ಲ. ರಾಕ್ ಕ್ರೀಕ್ ತೊರೆಯ ಬಳಿಯ ಸರ್ಕಾರಿ ಸಾಕಣೆ ಕೇಂದ್ರದಲ್ಲಿ ರೇನ್‌ಬೋ ಟ್ರೌಟ್ ಮೀನುಗಳನ್ನು ಬೆಳೆಸಿ ತೊರೆಗಳಿಗೆ ಬಿಡುತ್ತಾರೆ. ಗಾಳ ಹಿಡಿದ ಮಕ್ಕಳೂ ಮುದುಕರೂ ದಡದಲ್ಲಿ ಸಂತೋಷದಿಂದ ಕುಳಿತಿರುತ್ತಾರೆ. ಆದರೆ ಆ ಮೀನು ಪಶ್ಚಿಮ ಕರಾವಳಿಯ ಕಡೆಯದು. ಕಂದು ಟ್ರೌಟ್ ಯುರೋಪಿನಿಂದ ಬಂದದ್ದು. ಬೆಟ್ಟದ ಮೂಲನಿವಾಸಿಯಾದ ಬ್ರೂಕ್ ಟ್ರೌಟ್, ಈ ಹೊಸಬರಿಗೆ ಸ್ಥಳ ಬಿಟ್ಟುಕೊಟ್ಟು, ಈಗ ಹೆಚ್ಚಾಗಿ ಶಿಖರಗಳ ಸಮೀಪದ ತಣ್ಣನೆಯ ಸಣ್ಣ ತೊರೆಗಳಲ್ಲಿ ಉಳಿದಿದೆ.