ದೂರದ ಓಟ ಮತ್ತು ಅರ್ಧಬಲದ ನಿಯಮ



ನಮ್ಮ ನಾಡಿನಲ್ಲಿ ದೀರ್ಘದೂರದ ಓಟವು ಈಚಿನ ವರ್ಷಗಳಲ್ಲಿ ಊರೂರಿಗೆ ಹಬ್ಬುತ್ತಿದೆ. ಬೆಂಗಳೂರಿನಲ್ಲಿ 2008ರಲ್ಲಿ 10 ಕಿ.ಮೀ. ಓಟವೊಂದು ಅಂತರರಾಷ್ಟ್ರೀಯ ಮಟ್ಟದಲ್ಲಿ ಆರಂಭವಾಯಿತು. ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ಮುಂಜಾನೆಯ ಓಟಗಳು ಏರ್ಪಡುತ್ತಿವೆ. ಅವುಗಳಲ್ಲಿ ಕಾಲೇಜು ವಿದ್ಯಾರ್ಥಿಗಳಷ್ಟೇ ಅಲ್ಲದೆ ಗೃಹಿಣಿಯರು, ವ್ಯಾಪಾರಸ್ಥರು, ನಿವೃತ್ತ ಶಿಕ್ಷಕರು ಸಹ ಎದೆಗೆ ಸಂಖ್ಯಾಪಟ್ಟಿ ಅಂಟಿಸಿಕೊಂಡು ನಿಲ್ಲುತ್ತಾರೆ. ನಮ್ಮ ಚಿಕಿತ್ಸಾಲಯಕ್ಕೆ ಬರುವ ಭಕ್ತರು, "ಡಾಕ್ಟರೇ, ಈ ವಯಸ್ಸಿನಲ್ಲಿ ನಾನೂ ಓಡಬಹುದೇ? ಎಷ್ಟು ಓಡಬಹುದು?" ಎಂದು ಕೇಳುವುದು ಹೆಚ್ಚಾಗಿದೆ. ಆಯುರ್ವೇದ ಶಾಸ್ತ್ರದ ಆಧಾರದ ಮೇಲೆ, ಹಾಗೂ 56ನೆಯ ವಯಸ್ಸಿನಲ್ಲಿ ಓಟವನ್ನು ಆರಂಭಿಸಿ ಈಗ 64ರಲ್ಲಿರುವ ನಮ್ಮ ಸ್ವಾನುಭವದ ಆಧಾರದ ಮೇಲೆ ಈ ಪ್ರಶ್ನೆಗೆ ಉತ್ತರಿಸಲು ಇಲ್ಲಿ ಯತ್ನಿಸಿದ್ದೇವೆ.

ಶಾಸ್ತ್ರದ ನಿಲುವು

ವ್ಯಾಯಾಮದಿಂದ ಶರೀರಕ್ಕೆ ಲಾಘವ, ಕೆಲಸದಲ್ಲಿ ಸಾಮರ್ಥ್ಯ, ಸ್ಥಿರತೆ, ಕಷ್ಟಸಹಿಷ್ಣುತೆ, ಅಗ್ನಿವೃದ್ಧಿ ಹಾಗೂ ದೋಷಗಳ ಕ್ಷಯ ಉಂಟಾಗುತ್ತವೆಂದು ಚರಕಾಚಾರ್ಯರು ಹೇಳಿದ್ದಾರೆ. ಆದರೆ ಅದೇ ವ್ಯಾಯಾಮವು ಮಿತಿಮೀರಿದರೆ ಬಾಯಾರಿಕೆ, ಧಾತುಕ್ಷಯ, ಶ್ವಾಸ, ರಕ್ತಪಿತ್ತ, ಕೆಮ್ಮು, ಜ್ವರ, ವಾಂತಿಗಳಿಗೆ ಕಾರಣವಾಗುತ್ತದೆಂಬ ಎಚ್ಚರಿಕೆಯೂ ನಮ್ಮ ಗ್ರಂಥಗಳಲ್ಲಿದೆ. ಅತಿಯಾಗಿ ದೇಹ ದಂಡಿಸುವವನನ್ನು ವಾಗ್ಭಟಾಚಾರ್ಯರು ಆನೆಯನ್ನು ಎಳೆಯಲು ಹೋಗಿ ತಾನೇ ನಾಶವಾಗುವ ಸಿಂಹಕ್ಕೆ ಹೋಲಿಸಿದ್ದಾರೆ. ಬಲಹೀನನನ್ನಲ್ಲ, ಸಿಂಹವನ್ನೇ ಅವರು ಉದಾಹರಿಸಿದ್ದಾರೆಂಬುದನ್ನು ಬಲಶಾಲಿಗಳಾದ ತರುಣರು ವಿಶೇಷವಾಗಿ ಗಮನಿಸಬೇಕು.

ಹಾಗಾದರೆ ಮಿತಿ ಯಾವುದು? ಬಲಿಷ್ಠರೂ ಸ್ನಿಗ್ಧ ಆಹಾರ ಸೇವಿಸುವವರೂ ಶೀತಕಾಲ ಮತ್ತು ವಸಂತದಲ್ಲಿ ತಮ್ಮ ಬಲದ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಮಾಡಬೇಕು ಎಂಬುದು ನಿಯಮ. ಗ್ರೀಷ್ಮದಲ್ಲಿ ವ್ಯಾಯಾಮವನ್ನೂ ಬಿಸಿಲನ್ನೂ ವರ್ಜಿಸಬೇಕೆಂದು ಹೇಳಲಾಗಿದೆ. ಅರ್ಧಬಲವನ್ನು ಗುರುತಿಸುವ ಲಕ್ಷಣಗಳು ಸರಳವಾಗಿವೆ: ಹಣೆ, ಮೂಗು, ಕಂಕುಳು ಮತ್ತು ಸಂಧಿಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು, ಬಾಯಿಯಿಂದ ಉಸಿರಾಡಬೇಕಾಗಿ ಬರುವುದು. ಪಕ್ಕದವರೊಡನೆ ಮಾತನಾಡುತ್ತ ಓಡಲು ಸಾಧ್ಯವಿರುವ ವೇಗವೇ ಹಿತಕರವೆಂದು ಇಂದಿನ ಕ್ರೀಡಾವೈದ್ಯರು ಹೇಳುವುದೂ ಇದೇ ಅರ್ಥದಲ್ಲಿ.

ಇಲ್ಲೊಂದು ಸಂದೇಹ ಸಹಜ. ಅರ್ಧಬಲವನ್ನು ಬೋಧಿಸುವ ವೈದ್ಯರು 21 ಕಿ.ಮೀ., 42 ಕಿ.ಮೀ. ಓಟವನ್ನು ಹೇಗೆ ಒಪ್ಪುತ್ತಾರೆ? ಅರ್ಧಬಲವೆಂಬುದು ಎಲ್ಲರಿಗೂ ಒಂದೇ ಅಳತೆಯಲ್ಲ. ಹೊಲದಲ್ಲಿ ದುಡಿಯುವ ರೈತನ ಅರ್ಧವು ಕುರ್ಚಿಯ ಮೇಲೆ ಕುಳಿತಿರುವವನ ಪೂರ್ಣಕ್ಕಿಂತ ಹೆಚ್ಚು. ಕ್ರಮವಾದ ಅಭ್ಯಾಸದಿಂದ ಬಲವು ಬೆಳೆದಂತೆ ಅದರ ಅರ್ಧವೂ ಬೆಳೆಯುತ್ತದೆ. ಮೊದಲ ದಿನ 1 ಕಿ.ಮೀ. ಓಡಲಾರದವರು ಎರಡು ವರ್ಷಗಳ ನಂತರ 10 ಕಿ.ಮೀ. ದೂರವನ್ನು ಅರ್ಧಬಲದಲ್ಲಿಯೇ ಮುಗಿಸಬಲ್ಲರು. ಆದ್ದರಿಂದ ದೂರಕ್ಕಿಂತ ಅಭ್ಯಾಸವಿಲ್ಲದ ದೂರವೇ ಅಪಾಯಕಾರಿ.

ವೃದ್ಧರು ವ್ಯಾಯಾಮವನ್ನು ಬಿಡಬೇಕೆಂಬ ಮಾತೂ ಶಾಸ್ತ್ರದಲ್ಲಿದೆ. ಚರಕರ ಪ್ರಕಾರ 60ರ ನಂತರ ವೃದ್ಧಾವಸ್ಥೆ. ಸುಶ್ರುತರು ಹಾಗೂ ವಾಗ್ಭಟರ ಪ್ರಕಾರ 70ರವರೆಗೂ ಮಧ್ಯವಯಸ್ಸು. ಇಬ್ಬರು ಆಚಾರ್ಯರ ಮಾತನ್ನು ಆಶ್ರಯಿಸಿ ನಾವಿನ್ನೂ ಓಡುತ್ತಿದ್ದೇವೆ. ಮತ್ತೊಬ್ಬರ ಮಾತನ್ನು ಗೌರವಿಸಿ ನಿಧಾನವಾಗಿ ಓಡುತ್ತಿದ್ದೇವೆ.

ಮೂರು ಹಾದಿ, ಮೂರು ಪಾಠ

ನಮ್ಮ ಮೊದಲ ಅನುಭವ ಬೆಂಗಳೂರಿನ ಡಾಂಬರು ರಸ್ತೆಯ 10 ಕಿ.ಮೀ. ಓಟ. ಸಾವಿರಾರು ಜನ ಒಟ್ಟಿಗೆ ಹೊರಟಾಗ ಮನಸ್ಸಿನಲ್ಲಿ ರಜೋಗುಣವು ತಾನಾಗಿಯೇ ಕೆರಳುತ್ತದೆ. ಮುಂದಿನವರನ್ನು ಹಿಂದಿಕ್ಕುವ ಆಸೆಯಿಂದ ಅನೇಕರು ಮೊದಲ 2 ಕಿ.ಮೀ. ದೂರವನ್ನು ಧಾವಿಸಿ, 7ನೆಯ ಕಿ.ಮೀ. ವೇಳೆಗೆ ರಸ್ತೆಯಂಚಿನಲ್ಲಿ ಕುಳಿತಿರುತ್ತಾರೆ. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಕಾಲಿನ ಮೇಲೆ ದೇಹತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಗಟ್ಟಿ ರಸ್ತೆಯಲ್ಲಿ ಒಂದೇ ಬಗೆಯ ಹೆಜ್ಜೆ ಸಾವಿರಾರು ಬಾರಿ ಮರುಕಳಿಸುವುದರಿಂದ ಮೊಣಕಾಲು, ಹಿಮ್ಮಡಿಗಳಲ್ಲಿ ವಾತಪ್ರಕೋಪವಾಗುತ್ತದೆ. ರಸ್ತೆಯ ಓಟ ಕಲಿಸುವ ಪಾಠವೆಂದರೆ ಆರಂಭದ ಸಂಯಮ.

ಎರಡನೆಯದು ಶ್ರೀರಂಗಪಟ್ಟಣದ ಬಳಿ ಕಾವೇರಿ ನಾಲೆಯ ಏರಿಯ ಮೇಲಿನ ಮಣ್ಣುಹಾದಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಭತ್ತದ ಗದ್ದೆ, ಕಬ್ಬಿನ ತೋಟ. ಮಣ್ಣು ಕಾಲಿಗೆ ಮೃದುವಾದದ್ದು. ಅರ್ಧ ಮ್ಯಾರಥಾನ್ ಮುಗಿಸಿದ ಮರುದಿನ ನಮ್ಮ ಮೊಣಕಾಲುಗಳಲ್ಲಿ ನೋವು ತೀರ ಕಡಿಮೆಯಿತ್ತು. ಆದರೆ ಹೋದ ದಾರಿಯಲ್ಲೇ ಮರಳಬೇಕಾದ ಆ ಹಾದಿಯಲ್ಲಿ ನೆರಳು ಕಡಿಮೆ. ಹೋಗುವಾಗ ಹಿತವಾಗಿದ್ದ ಎಳೆಬಿಸಿಲು ಬರುವಾಗ ಸುಡುತ್ತದೆ. ಮರಳುವ ದಾರಿಗೆ ಬಲವನ್ನು ಉಳಿಸಿಕೊಳ್ಳಬೇಕೆಂಬ ಪಾಠವನ್ನು ಆ ಏರಿ ಕಲಿಸಿತು.

ಮೂರನೆಯದು ಚಿಕ್ಕಮಗಳೂರು ಸೀಮೆಯ ಗುಡ್ಡದ ಹಾದಿ. ಅಲ್ಲಿ ಕಾಫಿ ತೋಟಗಳ ನಡುವೆ 50 ಕಿ.ಮೀ., 100 ಕಿ.ಮೀ. ಓಟಗಳು ನಡೆಯುತ್ತವೆ. ಏರಿನಲ್ಲಿ ಅನುಭವಿಗಳು ಸಹ ನಡೆಯುತ್ತಾರೆ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ನಲುಗುತ್ತವೆ. ಒದ್ದೆ ಎಲೆಗಳ ಕೆಳಗೆ ಬೇರು ಅಡಗಿರುತ್ತದೆ. ಇಂಬಳಗಳು ಕಾಲುಚೀಲದೊಳಗೆ ಸೇರುತ್ತವೆ. 50 ಕಿ.ಮೀ. ವಿಭಾಗದಲ್ಲಿ ಹೊರಟ ನಾವು 34ನೆಯ ಕಿ.ಮೀ. ಬಳಿಯ ಉಪಚಾರ ಕೇಂದ್ರದಲ್ಲಿ ನಿಂತುಬಿಟ್ಟೆವು. ಸಮಯ ಇನ್ನೂ ಉಳಿದಿತ್ತು, ಕಾಲುಗಳಲ್ಲಿ ಬಲವೂ ಇತ್ತು. ಆದರೆ ಬಿಸಿಲಿನಲ್ಲಿಯೂ ತೋಳಿನಲ್ಲಿ ರೋಮಾಂಚನದೊಡನೆ ಚಳಿ ಕಾಣಿಸಿಕೊಂಡಿತ್ತು, ತಲೆ ಹಗುರಾಗಿತ್ತು, ಬೆಲ್ಲದ ತುಂಡು ಸಹ ಬಾಯಿಗೆ ರುಚಿಸಲಿಲ್ಲ. ಜೊತೆಯಲ್ಲಿದ್ದ ತರುಣರು "ಇನ್ನು ಹದಿನಾರೇ ಸರ್, ಬನ್ನಿ" ಎಂದು ಪ್ರೀತಿಯಿಂದ ಕರೆದರು. ಆ ಕರೆಗೆ ಇಲ್ಲವೆನ್ನುವುದು 34 ಕಿ.ಮೀ. ಕ್ರಮಿಸುವುದಕ್ಕಿಂತ ಕಠಿಣವಾಗಿತ್ತು. ನೆರಳಿನಲ್ಲಿ ಕುಳಿತು, ತಲೆಗೆ ನೀರು ಸುರಿದುಕೊಂಡು, ಉಪ್ಪು ಬೆರೆಸಿದ ಪಾನಕವನ್ನು ಗುಟುಕು ಗುಟುಕಾಗಿ ಸೇವಿಸಿದ ಒಂದು ಗಂಟೆಯ ನಂತರ ಶರೀರವು ಸ್ವಸ್ಥಿತಿಗೆ ಮರಳಿತು. ಪದಕ ದೊರೆಯಲಿಲ್ಲ; ಆದರೆ ಮರುವರ್ಷವೂ ಓಡುವ ದೇಹ ಉಳಿಯಿತು. ದೂರದ ಓಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿದ್ಯೆ ನಿಲ್ಲುವ ವಿದ್ಯೆ.

ನೀರು ಮತ್ತು ಆಹಾರ

ನೀರು ಎಷ್ಟು ಕುಡಿದರೂ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಬೆವರಿನೊಡನೆ ಉಪ್ಪು ನಷ್ಟವಾಗುತ್ತಿರುವಾಗ ಬರಿಯ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಅಂಶ ಕುಸಿದು ವಾಕರಿಕೆ, ತಲೆನೋವು, ಗೊಂದಲ, ಕೊನೆಗೆ ಅಪಸ್ಮಾರದಂತಹ ಸೆಳವು ಸಹ ಉಂಟಾಗಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕೊರತೆ ಕಂಡುಬಂದಿತ್ತು. ಬಾಯಾರಿಕೆಯನ್ನು ತಡೆಯಬಾರದ ವೇಗಗಳಲ್ಲಿ ಒಂದೆಂದು ಆಯುರ್ವೇದ ಎಣಿಸಿದೆ. ಆ ವೇಗ ಬಂದಾಗ ತಡೆಯದೆ ಕುಡಿಯಬೇಕು. ಬಾರದಿದ್ದಾಗ ಬಲವಂತದಿಂದ ಕುಡಿಯಬೇಕಾಗಿಲ್ಲ. ಒಂದು ಗಂಟೆಗಿಂತ ದೀರ್ಘವಾದ ಓಟದಲ್ಲಿ ಉಪ್ಪು ಸಕ್ಕರೆ ಬೆರೆತ ಲಿಂಬೆಯ ಪಾನಕ ಹಿತಕರ. 1 ಲೀಟರ್ ನೀರಿಗೆ 6 ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ರಕ್ತದೊತ್ತಡ, ಮಧುಮೇಹ, ಮೂತ್ರಪಿಂಡದ ತೊಂದರೆಯುಳ್ಳವರು ತಮ್ಮ ವೈದ್ಯರನ್ನು ಕೇಳಿಯೇ ಇದನ್ನು ಬಳಸಬೇಕು.

ಆಹಾರದ ಲೆಕ್ಕವೂ ತಿಳಿದಿರಲಿ. 60 ಕೆ.ಜಿ. ತೂಕದವರಿಗೆ 1 ಕಿ.ಮೀ. ಓಟಕ್ಕೆ ಸ್ಥೂಲವಾಗಿ 60 ಕಿಲೋಕ್ಯಾಲರಿ ಬೇಕು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶರ್ಕರವು ಸುಮಾರು 400ರಿಂದ 500 ಗ್ರಾಂ, ಅಂದರೆ 1,600ರಿಂದ 2,000 ಕಿಲೋಕ್ಯಾಲರಿ. 21 ಕಿ.ಮೀ. ಓಟಕ್ಕೆ ಬೇಕಾದ ಸುಮಾರು 1,260 ಅದರಿಂದಲೇ ಒದಗಬಹುದು, 42 ಕಿ.ಮೀ. ಓಟದ 2,500ಕ್ಕೆ ಅದು ಸಾಲದು. 30 ಕಿ.ಮೀ. ದಾಟಿದ ಮೇಲೆ ಅನೇಕರು ಒಮ್ಮೆಲೇ ಕುಸಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಆದ್ದರಿಂದ ದಾರಿಯಲ್ಲಿ ಬಾಳೆಹಣ್ಣು, ಖರ್ಜೂರ, ಬೆಲ್ಲ, ಬೇಯಿಸಿದ ಆಲೂಗಡ್ಡೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸೇವಿಸಬೇಕು. ಹಿಂದಿನ ರಾತ್ರಿ ಅಭ್ಯಾಸವಿರುವ ಊಟವನ್ನೇ ಬೇಗ ಮುಗಿಸಬೇಕು. ಹೊಸ ಪದಾರ್ಥ, ಕರಿದದ್ದು ಬೇಡ. ಅಜೀರ್ಣವಿದ್ದಾಗ ವ್ಯಾಯಾಮ ನಿಷಿದ್ಧವೆಂಬುದನ್ನು ಮರೆಯಬಾರದು.

ಅಪಾಯದ ಸೂಚನೆಗಳು

ಓಟಕ್ಕೆ ಮುಂಚೆ ನೋವುನಿವಾರಕ ಮಾತ್ರೆ ನುಂಗುವ ಚಟ ತರುಣರಲ್ಲಿ ಬೆಳೆಯುತ್ತಿದೆ. ಇಪ್ಪತ್ತಾರು ವಯಸ್ಸಿನ ಯುವಕನೊಬ್ಬ ಮೊಣಕಾಲು ನೋವಿಗೆಂದು ಎರಡು ಮಾತ್ರೆ ಸೇವಿಸಿ 21 ಕಿ.ಮೀ. ಓಡಿ, ಸಂಜೆ ಕಪ್ಪು ಚಹಾದ ಬಣ್ಣದ ಮೂತ್ರ ವಿಸರ್ಜಿಸುತ್ತ ನಮ್ಮಲ್ಲಿಗೆ ಬಂದನು. ಸ್ನಾಯುಗಳು ಒಡೆದು ಅವುಗಳ ಅಂಶ ಮೂತ್ರಪಿಂಡಕ್ಕೆ ಸೇರಿದಾಗ ಹೀಗಾಗುತ್ತದೆ. ನಿರ್ಜಲತೆ ಮತ್ತು ಆ ಮಾತ್ರೆಗಳು ಮೂತ್ರಪಿಂಡದ ರಕ್ತಸಂಚಾರವನ್ನು ಇನ್ನಷ್ಟು ತಗ್ಗಿಸುತ್ತವೆ. ಕಷಾಯ ಕೊಟ್ಟು ಕಾಯುವ ಸಂದರ್ಭ ಅದಾಗಿರಲಿಲ್ಲ. ತಕ್ಷಣವೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಕೆಲವು ವಾರಗಳಲ್ಲಿ ಆತ ಗುಣಮುಖನಾದನು. ನೋವು ಶರೀರದ ಕಾವಲುಗಾರ. ಕಾವಲುಗಾರನಿಗೆ ನಿದ್ರೆಯ ಮದ್ದು ಕೊಟ್ಟು ಮನೆಯನ್ನು ಕಾಯಲಾಗದು.

ಎದೆಯಲ್ಲಿ ಹಿಡಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ಕಣ್ಣುಕತ್ತಲೆ, ಎದೆಬಡಿತದ ಏರುಪೇರು ಕಂಡರೆ ಆ ಕ್ಷಣವೇ ನಿಲ್ಲಬೇಕು. ಓಟಗಾರನು ತೊದಲತೊಡಗಿದರೆ, ದಿಕ್ಕು ತಪ್ಪಿ ನಡೆದರೆ ಉಷ್ಣಾಘಾತವೆಂದು ಶಂಕಿಸಬೇಕು. ಆಗ ದೇಹದೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಓಟದ ನಂತರ

ಗುರಿ ಮುಟ್ಟಿದೊಡನೆ ಕುಳಿತುಕೊಳ್ಳದೆ ಹತ್ತು ನಿಮಿಷ ನಿಧಾನವಾಗಿ ನಡೆಯಬೇಕು. ಶ್ರಮದಿಂದ ಉಂಟಾದ ಉಸಿರನ್ನು ತಡೆದರೆ ಗುಲ್ಮ, ಹೃದ್ರೋಗ, ಸಮ್ಮೋಹಗಳು ಬರುತ್ತವೆಂದು ವಾಗ್ಭಟರು ಹೇಳಿದ್ದಾರೆ. ಛಾಯಾಚಿತ್ರಕ್ಕಾಗಿ ಉಸಿರು ಬಿಗಿಹಿಡಿದು ನಿಲ್ಲುವುದು ಬೇಡ. ಅಂದು ಮಜ್ಜಿಗೆ, ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ ಹಿತ. ಮರುದಿನ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ತಲೆ, ಕಿವಿ, ವಿಶೇಷವಾಗಿ ಪಾದಗಳಿಗೆ ಅಭ್ಯಂಗ ಮಾಡಿ ಬಿಸಿನೀರಿನ ಸ್ನಾನ ಮಾಡಬೇಕು. ಊದಿಕೊಂಡ, ಬಿಸಿಯಾದ ಸಂಧಿಯನ್ನು ಬಲವಾಗಿ ತಿಕ್ಕಬಾರದು. ಎಲ್ಲಕ್ಕಿಂತ ದೊಡ್ಡ ಔಷಧಿ ನಿದ್ರೆ.

ಆರಂಭಿಸುವವರಿಗೆ

40 ದಾಟಿದವರು, ಮಧುಮೇಹ, ರಕ್ತದೊತ್ತಡ, ಹೃದ್ರೋಗದ ಹಿನ್ನೆಲೆಯುಳ್ಳವರು ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು. ಮೂರು ತಿಂಗಳು ಕೇವಲ ವೇಗದ ನಡಿಗೆ. ನಂತರ ನಡಿಗೆಯ ನಡುವೆ ಒಂದೊಂದು ನಿಮಿಷದ ಓಟ. ವಾರದ ಒಟ್ಟು ದೂರವನ್ನು ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಸದಿರುವುದು ಕ್ಷೇಮ. ವಾರದಲ್ಲಿ ಎರಡು ದಿನ ವಿಶ್ರಾಂತಿ ಇರಲಿ. ಜ್ವರ ಬಂದು ಹೋದವರು ಬಲ ಮರಳುವವರೆಗೆ ಕಾಯಬೇಕು. ಆರೋಗ್ಯಕ್ಕಾಗಿ ಎಲ್ಲರೂ ಮ್ಯಾರಥಾನ್ ಓಡಬೇಕಾಗಿಲ್ಲ. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಿಳಿಸಿದೆ. ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯಿಂದ ಇದು ಕೈಗೂಡುತ್ತದೆ.

ಪಾದಯಾತ್ರಿಕರಿಗೆ ಎರಡು ಮಾತು

ಯುಗಾದಿಗೆ ಮುನ್ನ ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರೂ ದೀರ್ಘದೂರದ ಪಥಿಕರೇ. ಮೇಲಿನ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ಎರಡು ತಿಂಗಳು ಮುಂಚಿನಿಂದ ನಡಿಗೆಯ ಅಭ್ಯಾಸವಿರಲಿ; ಹತ್ತು ಗಂಟೆಯ ನಂತರ ನೆರಳು ಸೇರಿ, ಇಳಿಹೊತ್ತಿನಲ್ಲಿ ಮುಂದುವರಿಯಲಿ; ನಿತ್ಯದ ಮಾತ್ರೆಗಳನ್ನು ದಾರಿಯಲ್ಲಿ ಬಿಡದಿರಲಿ. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದ್ದ ಹಿರಿಯರೊಬ್ಬರು ಬರಿಗಾಲಿನಲ್ಲಿ ಕಾದ ಡಾಂಬರಿನ ಮೇಲೆ ನಡೆದು, ಅಂಗಾಲು ಸುಟ್ಟದ್ದು ತಿಳಿಯದೆ, ವಾರದ ನಂತರ ಕೊಳೆತ ಹುಣ್ಣಿನೊಡನೆ ನಮ್ಮಲ್ಲಿಗೆ ಬಂದರು. ಪಾದ ಉಳಿಯಿತು, ಎರಡು ಬೆರಳುಗಳು ಉಳಿಯಲಿಲ್ಲ. ಅಂತಹವರು ಮೃದುವಾದ ಪಾದರಕ್ಷೆ ಧರಿಸಿಯೇ ನಡೆಯಲಿ, ಪ್ರತಿ ರಾತ್ರಿ ಅಂಗಾಲನ್ನು ಇನ್ನೊಬ್ಬರಿಂದ ದೀಪದ ಬೆಳಕಿನಲ್ಲಿ ನೋಡಿಸಿಕೊಳ್ಳಲಿ. ಬೊಕ್ಕೆಗಳನ್ನು ಚುಚ್ಚದೆ ಶುಭ್ರವಾದ ಬಟ್ಟೆ ಕಟ್ಟಲಿ.

ಓಟವಾಗಲಿ, ನಡಿಗೆಯಾಗಲಿ, ನಾಳೆಯೂ ಮಾಡಲು ಸಾಧ್ಯವಾಗುವಷ್ಟನ್ನು ಇಂದು ಮಾಡುವುದೇ ಅರ್ಧಬಲದ ನಿಯಮದ ಸಾರ. ಸದ್ಭಕ್ತರು ತಮ್ಮ ಪ್ರಕೃತಿ, ವಯಸ್ಸು, ಋತುಗಳನ್ನರಿತು, ಸಮೀಪದ ವೈದ್ಯರ ಸಲಹೆ ಪಡೆದು ಹೆಜ್ಜೆಯಿಡಲಿ ಎಂದು ಹಾರೈಸುತ್ತೇವೆ.